ಕಂಪ್ಯೂಟರ್ ಯಾರಿಗಾಗಿ ಕಾಯುತ್ತಿದೆ?

ದೋಹಾದಲ್ಲಿ ಭಾನುವಾರ ಬೆಳಿಗ್ಗೆ ನನ್ನ ಫೋನಿಗೆ ಬಿಡುವಿಲ್ಲ. ಇಲ್ಲಿ ಶುಕ್ರವಾರ, ಶನಿವಾರ ರಜೆ, ಕೆಲಸದ ವಾರ ಶುರುವಾಗುವುದೇ ಭಾನುವಾರ. ಎರಡು ದಿನ ಆಫ್ ಆಗಿದ್ದ ಯಂತ್ರಗಳನ್ನೆಲ್ಲ ಅವತ್ತು ಒಟ್ಟಿಗೆ ಎಬ್ಬಿಸುತ್ತಾರೆ. ಸಣ್ಣ ಕಂಪನಿಗಳ ಕಂಪ್ಯೂಟರು, ಪ್ರಿಂಟರು, ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕಸುಬು. ಸಲ್ವಾ ರೋಡಿನ ಟ್ರೇಡಿಂಗ್ ಆಫೀಸಾಗಲಿ, ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜಾಗಲಿ, ಮುಂತಝಾದ ಕ್ಲಿನಿಕ್ಕಾಗಲಿ, ದೂರು ಒಂದೇ: ಆನ್ ಮಾಡಿದರೆ ಏಳುವುದಕ್ಕೇ ಯುಗ ಹಿಡಿಯುತ್ತದೆ. ದೂರಿನ ಬೆನ್ನಿಗೇ ಮದ್ದನ್ನೂ ಅವರೇ ಹೇಳುತ್ತಾರೆ. “ಸ್ಟಾರ್ಟಪ್‌ನಲ್ಲಿ ಇರೋದನ್ನೆಲ್ಲ ತೆಗೆದುಹಾಕಿಬಿಡಿ.”

ಈ ಮದ್ದು ಅರ್ಧ ಸರಿ. ಇನ್ನರ್ಧ ಅಪಾಯ. ಆ ಅರ್ಧದ ಬಗ್ಗೆ ಯಾರೂ ಮಾತಾಡದೆ ಇರುವುದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸ್ಟಾರ್ಟಪ್ ಸ್ಕ್ರಿಪ್ಟ್ ಅಂದರೆ ಏನು ಎನ್ನುವುದನ್ನು ನೋಡೋಣ. ಕಂಪ್ಯೂಟರ್ ಏಳುವಾಗ, ಅಥವಾ ನಾವು ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗುವಾಗ, ತಾನೇ ತಾನಾಗಿ ನಡೆಯಬೇಕಾದ ಆಜ್ಞೆಗಳನ್ನು ಒಂದರ ಕೆಳಗೊಂದು ಬರೆದಿಟ್ಟ ಪಟ್ಟಿ ಅದು. ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ಡಾಸ್ ಕಾಲದಲ್ಲಿ ಕಂಪ್ಯೂಟರ್ ಕಲಿತವರಿಗೆ ಆಟೋಎಕ್ಸೆಕ್ ಎಂಬ ಕಡತ ನೆನಪಿದ್ದೀತು, ಈಗಿನ ಸ್ಕ್ರಿಪ್ಟ್‌ಗಳು ಅದರದ್ದೇ ವಂಶ. ಆಫೀಸುಗಳಲ್ಲಿ ಇವು ಮಾಡುವ ಕೆಲಸ ದೊಡ್ಡದೇನಲ್ಲ. ಸರ್ವರ್‌ನಲ್ಲಿರುವ ಫೋಲ್ಡರನ್ನು ‘ಝಡ್ ಡ್ರೈವ್’ ಎಂದು ತೋರಿಸುವುದು, ಪ್ರಿಂಟರ್ ಜೋಡಿಸುವುದು, ಹೊಸ ದರಪಟ್ಟಿಯನ್ನು ಎಲ್ಲರ ಯಂತ್ರಕ್ಕೂ ನಕಲು ಮಾಡುವುದು, ಇಂಥವು.

ಇವುಗಳಿಂದ ಬೂಟ್, ಎಂದರೆ ಯಂತ್ರ ಏಳುವುದು, ನಿಧಾನವಾಗುತ್ತದೆಯೇ? ಆಗುತ್ತದೆ. ಆದರೆ ಪಟ್ಟಿ ಉದ್ದವಾಗಿದೆ ಎನ್ನುವ ಕಾರಣಕ್ಕೆ ಆಗುವುದು ಕಡಿಮೆ. ನಾನು ಕಂಡಮಟ್ಟಿಗೆ, ಪಟ್ಟಿಯಲ್ಲಿರುವ ಯಾವುದೋ ಒಂದು ಸಾಲು, ಅಲ್ಲಿ ಇಲ್ಲದೇ ಇರುವ ಯಾವುದಕ್ಕೋ ಕಾಯುತ್ತ ನಿಂತಿರುತ್ತದೆ. ಮದುವೆಮನೆಯಲ್ಲಿ ತೆಂಗಿನಕಾಯಿ ತರಲು ಹೋದವನು ಬರಲಿಲ್ಲವೆಂದು ಅಡುಗೆಯವರೆಲ್ಲ ಕೈಕಟ್ಟಿ ಕೂತರೆ ಊಟ ತಡವಾಗುತ್ತದಲ್ಲ, ಅಲ್ಲಿ ಅಡುಗೆಯವರ ಸಂಖ್ಯೆ ಕಡಿಮೆ ಮಾಡಿ ಪ್ರಯೋಜನವಿಲ್ಲ.

ಒಂದು ಉದಾಹರಣೆಯನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಕಟ್ಟಡ ಸಾಮಗ್ರಿ ಮಾರುವ ಒಂದು ಆಫೀಸು. ಅಲ್ಲಿನ ಕ್ಯಾಷಿಯರ್ ಕುಂದಾಪುರ ಕಡೆಯವರು, ವಯಸ್ಸಿನಲ್ಲಿ ನನಗಿಂತ ಹಿರಿಯರು. ರಂಜಾನ್ ತಿಂಗಳು. ಕತಾರ್‌ನ ಕಾರ್ಮಿಕ ಕಾನೂನಿನ ಪ್ರಕಾರ ಆ ತಿಂಗಳು ಮಾಮೂಲಿ ಕೆಲಸ ದಿನಕ್ಕೆ ಆರು ತಾಸು ಮೀರುವ ಹಾಗಿಲ್ಲ. ಆರು ತಾಸಿನಲ್ಲಿ ಇಡೀ ದಿನದ ಬಿಲ್ ಮುಗಿಸಬೇಕು, ಹೊರಗೆ ಲಾರಿ ಡ್ರೈವರುಗಳು ಚೀಟಿಗೆ ಕಾಯುತ್ತಿರುತ್ತಾರೆ. “ಹ್ವಾಯ್, ಇದ್ ಎಂತ ಮಾರಾಯ್ರೆ, ಪಾಸ್‌ವರ್ಡ್ ಹಾಕಿ ಎಷ್ಟ್ ಹೊತ್ತಾಯ್ತ್, ಇನ್ನೂ ತಿರ್‍ಗ್ತಾ ಇತ್ತ್ ಕಾಣಿ” ಎಂದು ಪರದೆ ತೋರಿಸಿದರು. ಅವರ ಸಿಟ್ಟು ನ್ಯಾಯವಾದದ್ದು. ದಿನವೂ ನಾಲ್ಕು ನಿಮಿಷದ ಹತ್ತಿರ ಹೋಗುತ್ತಿತ್ತು, ಒಬ್ಬರದ್ದಲ್ಲ, ಆಫೀಸಿನ ಎಲ್ಲರದ್ದೂ.

ಯಂತ್ರ ಹಳತೇನಲ್ಲ, ಹಾರ್ಡ್ ಡಿಸ್ಕ್‌ನ ಬದಲು ಚುರುಕಾದ ಎಸ್‌ಎಸ್‌ಡಿ ಇತ್ತು. ಗುಂಡಿ ಒತ್ತಿದ ಮೇಲೆ ಪಾಸ್‌ವರ್ಡ್ ಕೇಳುವ ಪರದೆಯವರೆಗೆ ಚುರುಕಾಗಿಯೇ ಬರುತ್ತಿತ್ತು. ತಡವೆಲ್ಲ ಆಮೇಲಿನದು. ಹಾಗಾದರೆ ಹುಡುಕಬೇಕಾದ್ದು ಲಾಗಿನ್ ಸ್ಕ್ರಿಪ್ಟನ್ನು. ಈಗಿನ ವಿಂಡೋಸ್‌ನಲ್ಲಿ ಲಾಗಿನ್ ಸ್ಕ್ರಿಪ್ಟ್ ಹಿನ್ನೆಲೆಯಲ್ಲಿ ನಡೆಯುತ್ತದೆ, ಡೆಸ್ಕ್‌ಟಾಪ್ ಅದಕ್ಕಾಗಿ ಕಾಯುವುದಿಲ್ಲ. ವಿಂಡೋಸ್ 8.1ರಿಂದ ಈಚೆಗಂತೂ ಲಾಗಿನ್ ಆಗಿ ಐದು ನಿಮಿಷ ಕಳೆದ ಮೇಲೆ ಸ್ಕ್ರಿಪ್ಟ್ ಶುರುವಾಗಲಿ ಎಂದೇ ಮೈಕ್ರೋಸಾಫ್ಟ್ ಇಟ್ಟಿದೆ. ಈ ಆಫೀಸಿನಲ್ಲಿ ಹಿಂದೆ ಕೆಲಸ ಮಾಡಿದವರು ಆ ಐದು ನಿಮಿಷವನ್ನು ಸೊನ್ನೆ ಮಾಡಿದ್ದರು. ಜೊತೆಗೆ, ಸ್ಕ್ರಿಪ್ಟ್ ಮುಗಿಯುವ ತನಕ ಡೆಸ್ಕ್‌ಟಾಪ್ ತೋರಿಸಬೇಡ ಎಂಬ ನಿಯಮವನ್ನೂ ಹಾಕಿದ್ದರು. ಅವರಿಗೆ ಕಾರಣವಿತ್ತು: ಝಡ್ ಡ್ರೈವ್ ಬರುವ ಮೊದಲೇ ಲೆಕ್ಕದ ಸಾಫ್ಟ್‌ವೇರ್ ತೆರೆದರೆ ಅದು ದೋಷ ತೋರಿಸಿ ಮುಚ್ಚಿಕೊಳ್ಳುತ್ತಿತ್ತು.

ಇಂಥಲ್ಲಿ ಊಹೆಯಿಂದ ಸಾಲು ಅಳಿಸುವುದು ನನಗೆ ಸೇರದು. ಸ್ಕ್ರಿಪ್ಟ್‌ನ ಪ್ರತಿ ಸಾಲಿನ ಮುಂದೆ, ಆ ಕ್ಷಣದ ಗಂಟೆ-ನಿಮಿಷ-ಸೆಕೆಂಡನ್ನು ಬೇರೊಂದು ಕಡತಕ್ಕೆ ಬರೆದಿಡುವ ಇನ್ನೊಂದು ಸಾಲು ಸೇರಿಸಿದೆ. ಲಾಗಿನ್ ಆಗಿ, ಡೆಸ್ಕ್‌ಟಾಪ್ ಬಂದ ಮೇಲೆ ಆ ಕಡತ ತೆರೆದರೆ ಸಮಯ ಎಲ್ಲಿ ಹೋಯಿತೆಂಬುದು ಅಂಗೈಯಲ್ಲಿಟ್ಟ ಹಾಗೆ ಕಾಣುತ್ತಿತ್ತು.

ಮೊದಲ ಸಾಲಿಗೇ ಒಂದು ನಿಮಿಷ. ಅದು ಪಿಂಗ್ ಆಜ್ಞೆ. ಇನ್ನೊಂದು ಯಂತ್ರ ನೆಟ್‌ವರ್ಕಿನಲ್ಲಿ ಇದೆಯೇ ಎಂದು ಕೂಗಿ ಕೇಳಲು ಇರುವ ಆಜ್ಞೆ ಪಿಂಗ್. ಇಲ್ಲಿ ಅದು 127.0.0.1 ಎಂಬ ವಿಳಾಸಕ್ಕೆ, ಎಂದರೆ ತನಗೆ ತಾನೇ, ಸೆಕೆಂಡಿಗೊಂದರಂತೆ 61 ಸಲ ಕೂಗುತ್ತಿತ್ತು. ಇಂಥ ಸ್ಕ್ರಿಪ್ಟ್ ಬರೆಯುವವರು ‘ಸ್ವಲ್ಪ ತಡಿ’ ಎನ್ನಲು ಬಳಸುವ ಹಳೆಯ ಉಪಾಯ ಇದು. ಹಿಂದಿನ ಯಂತ್ರಗಳಲ್ಲಿ ನೆಟ್‌ವರ್ಕ್ ಎಚ್ಚರಗೊಳ್ಳಲು ಹೊತ್ತು ಹಿಡಿಯುತ್ತಿದ್ದಿರಬೇಕು, ಅದಕ್ಕಾಗಿ ಯಾರೋ ಒಂದು ನಿಮಿಷ ಇಟ್ಟಿದ್ದಾರೆ. ಆ ಯಂತ್ರಗಳು ಗುಜರಿಗೆ ಹೋದವು, ಒಂದು ನಿಮಿಷ ಹೊಸ ಯಂತ್ರಗಳಿಗೂ ಬಂತು.

ಮುಂದೆ ನಾಲ್ಕು ಡ್ರೈವ್‌ಗಳು. ಎರಡು ಕ್ಷಣಮಾತ್ರದಲ್ಲಿ ಜೋಡಣೆಯಾದವು. ಉಳಿದೆರಡು, ಆಫೀಸು ನಜ್ಮಾದಲ್ಲಿದ್ದಾಗಿನ ಸರ್ವರ್‌ನವು. ಆ ಸರ್ವರ್ ಈಗ ಎಲ್ಲೂ ಇಲ್ಲ. ಇಲ್ಲದ ಯಂತ್ರಕ್ಕೆ ಕರೆ ಹೋದರೆ ‘ಇಲ್ಲ’ ಎಂದು ಹೇಳುವವರೂ ಇರುವುದಿಲ್ಲ, ಹಾಗಾಗಿ ವಿಂಡೋಸ್ ಮತ್ತೆ ಮತ್ತೆ ಕರೆದು, ಒಂದೊಂದು ಪ್ರಯತ್ನಕ್ಕೆ 20 ಸೆಕೆಂಡಿನ ಆಸುಪಾಸು ಕಳೆದು, ಆಮೇಲೆ ಕೈಬಿಡುತ್ತದೆ. ಬಿರ್ಕತ್ ಅಲ್ ಅವಾಮರ್‌ನ ಗೋದಾಮಿನ ಪ್ರಿಂಟರ್‌ನದ್ದೂ ಅದೇ ಕಥೆ, ಗೋದಾಮಿನವರು ಬಂದು ಅದನ್ನು ಆನ್ ಮಾಡುವುದೇ ಒಂದು ತಾಸು ತಡವಾಗಿ. ಕೊನೆಗೆ ದರಪಟ್ಟಿ. ಒಂದು ಕಡತ ಸಾಕಾಗಿದ್ದ ಕಡೆ ಇಡೀ ಫೋಲ್ಡರೇ, ಹಳೆಯ ವರ್ಷಗಳ ಫೋಟೋಗಳ ಸಮೇತ, ಪ್ರತಿದಿನ ನಕಲಾಗುತ್ತಿತ್ತು.

ಇಷ್ಟೆಲ್ಲದರಲ್ಲಿ ಯಂತ್ರ ನಿಜವಾಗಿ ದುಡಿದದ್ದು ಆ ನಕಲಿನಲ್ಲಿ ಮಾತ್ರ. ಉಳಿದ ಹೊತ್ತೆಲ್ಲ ಪ್ರೊಸೆಸರ್ ಸುಮ್ಮನೆ ಕೂತಿತ್ತು. ಅದಕ್ಕೇ, ‘ಇನ್ನೂ ಶಕ್ತಿಯ ಪ್ರೊಸೆಸರ್ ಇರುವ ಯಂತ್ರ ತರಿಸೋಣ’ ಎಂದು ಮ್ಯಾನೇಜರ್ ಹೊರಟಾಗ ನಾನು ಖಡಾಖಂಡಿತ ಬೇಡವೆಂದೆ. ಎಷ್ಟು ದುಬಾರಿ ಯಂತ್ರವಾದರೂ 61 ಎಣಿಸಲು ಒಂದು ನಿಮಿಷವೇ ಬೇಕು. ಪಿಂಗ್ ಸಾಲು ಹೋಯಿತು, ಸತ್ತ ಡ್ರೈವ್‌ಗಳು ಹೋದವು, ಪ್ರಿಂಟರ್ ಡೆಸ್ಕ್‌ಟಾಪ್ ಬಂದ ಮೇಲೆ ಹಿನ್ನೆಲೆಯಲ್ಲಿ ಸೇರಿಕೊಳ್ಳುವಂತಾಯಿತು, ದರಪಟ್ಟಿ ಬದಲಾಗಿದ್ದರೆ ಮಾತ್ರ ನಕಲಾಗುವಂತಾಯಿತು. ಈಗ ಪಾಸ್‌ವರ್ಡ್ ಕೊಟ್ಟು ಅರ್ಧ ನಿಮಿಷದೊಳಗೆ ಬಿಲ್ ಮಾಡಬಹುದು. ಸ್ಕ್ರಿಪ್ಟನ್ನು ಪೂರ್ತಿ ತೆಗೆಯಲಿಲ್ಲ. ತೆಗೆದಿದ್ದರೆ ಝಡ್ ಡ್ರೈವ್ ಇಲ್ಲದೆ ಅವತ್ತು ಒಂದು ಬಿಲ್ಲೂ ಆಗುತ್ತಿರಲಿಲ್ಲ.

ಮನೆಯ ಕಂಪ್ಯೂಟರಿನ ಕಥೆ ಸ್ವಲ್ಪ ಬೇರೆ. ಅಲ್ಲಿ ಯಾರೂ ಸ್ಕ್ರಿಪ್ಟ್ ಬರೆದಿರುವುದಿಲ್ಲ, ಆದರೆ ತಾನಾಗಿ ಎದ್ದುನಿಲ್ಲುವ ಪ್ರೋಗ್ರಾಮ್‌ಗಳ ಸಂತೆಯೇ ಇರುತ್ತದೆ. ಕತಾರ್‌ನಲ್ಲಿ 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿ ಮಕ್ಕಳ ಪಾಠ ಪರದೆಗೆ ಬಂದಾಗ ಕೊಂಡ ಲ್ಯಾಪ್‌ಟಾಪ್‌ಗಳು ಈಗಲೂ ನನ್ನ ಕೈಗೆ ಬರುತ್ತವೆ. ಟೀಮ್ಸ್, ಝೂಮ್, ಊರಿಗೆ ಮಾತಾಡಲು ಹಾಕಿಕೊಂಡ ಕಾಲಿಂಗ್ ಆ್ಯಪ್, ಎರಡು ಬಗೆಯ ಕ್ಲೌಡ್ ಸ್ಟೋರೇಜ್, ಪ್ರಿಂಟರ್ ಕಂಪನಿಯ ಸಹಾಯಕ, ಯಾವುದೋ ಆಟದ ಲಾಂಚರ್, ಎಲ್ಲವೂ ಲಾಗಿನ್ ಆದ ಕೂಡಲೇ ನಾ ಮುಂದು ತಾ ಮುಂದು ಎಂದು ಏಳುತ್ತವೆ. ಆ ಲ್ಯಾಪ್‌ಟಾಪ್‌ಗಳಲ್ಲಿ ಕಡಿಮೆ ಬೆಲೆಯ ಕೆಲವಕ್ಕೆ ಇನ್ನೂ ಹಾರ್ಡ್ ಡಿಸ್ಕ್. ತೊಂದರೆಯ ಬೇರು ಅಲ್ಲಿದೆ. ಹಾರ್ಡ್ ಡಿಸ್ಕ್‌ನಲ್ಲಿ ತಿರುಗುವ ತಟ್ಟೆ ಮತ್ತು ಅದರ ಮೇಲೆ ಓಡಾಡುವ ಓದುಮೊನೆ ಇರುತ್ತವೆ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಕೂಡ ಅಲ್ಲಲ್ಲಿ ಚದುರಿದ ಮಾಹಿತಿಯನ್ನು ಸೆಕೆಂಡಿಗೆ ನೂರರಷ್ಟು ಸಲ ಮಾತ್ರ ಓದಬಲ್ಲದು, ಎಸ್‌ಎಸ್‌ಡಿ ಹತ್ತಾರು ಸಾವಿರ ಸಲ ಓದುತ್ತದೆ. ಎಂಟು ಪ್ರೋಗ್ರಾಮ್ ಒಟ್ಟಿಗೆ ಕೇಳಿದರೆ ಆ ಮೊನೆ ಅತ್ತಿಂದಿತ್ತ ಅಲೆದಾಡುವುದರಲ್ಲೇ ಹೊತ್ತು ಕಳೆಯುತ್ತದೆ. ಇಂಥ ಯಂತ್ರದಲ್ಲಿ ಪಟ್ಟಿ ಚಿಕ್ಕದು ಮಾಡಿದರೆ ನಿಜಕ್ಕೂ ಲಾಭವಿದೆ. ಎಸ್‌ಎಸ್‌ಡಿ ಹಾಕಿದರೆ ಅದಕ್ಕಿಂತ ಹೆಚ್ಚಿನ ಲಾಭ. ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪ್ ತಂದವರಿಗೆ ಬೇರೆ ಯಾವ ಚಿಕಿತ್ಸೆಗೂ ಮೊದಲು ನಾನು ಹೇಳುವುದು ಇದನ್ನೇ.

ಯಾವುದು ಎಷ್ಟು ಭಾರ ಎಂದು ನೋಡಲು ವಿಂಡೋಸ್‌ನಲ್ಲೇ ಸೌಲಭ್ಯವಿದೆ. ಟಾಸ್ಕ್ ಮ್ಯಾನೇಜರ್ ತೆರೆದು ಸ್ಟಾರ್ಟಪ್ ವಿಭಾಗಕ್ಕೆ ಹೋದರೆ ಪ್ರತಿ ಪ್ರೋಗ್ರಾಮ್‌ನ ಮುಂದೆ ಹೈ, ಮೀಡಿಯಂ, ಲೋ ಎಂದು ಬರೆದಿರುತ್ತದೆ. ಈ ಅಂದಾಜಿಗೆ ಲೆಕ್ಕವಿದೆ: ಏಳುವಾಗ ಪ್ರೊಸೆಸರ್‌ನ ಒಂದು ಸೆಕೆಂಡಿಗಿಂತ ಹೆಚ್ಚು ಅಥವಾ ಡಿಸ್ಕ್‌ನ 3 ಎಂಬಿಗಿಂತ ಹೆಚ್ಚು ಬಳಸಿದರೆ ಅದು ಹೈ. 3 ಎಂಬಿ ಎಂದರೆ ಫೋನಿನಲ್ಲಿ ತೆಗೆದ ಒಂದು ಫೋಟೋದಷ್ಟು. ‘ಹೈ’ ಎಂದು ಕಂಡ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ಅಲ್ಲೇ ಮೇಲ್ಗಡೆ ‘ಲಾಸ್ಟ್ ಬಯಾಸ್ ಟೈಮ್’ ಎಂಬ ಇನ್ನೊಂದು ಸಂಖ್ಯೆಯೂ ಕಾಣುತ್ತದೆ, ವಿಂಡೋಸ್ ಶುರುವಾಗುವ ಮುಂಚೆ ಯಂತ್ರ ತನ್ನನ್ನು ತಾನು ಪರೀಕ್ಷಿಸಿಕೊಳ್ಳಲು ತೆಗೆದುಕೊಂಡ ಹೊತ್ತು ಅದು. ಅದೇ ಅರ್ಧ ನಿಮಿಷವಿದ್ದರೆ ಸ್ಟಾರ್ಟಪ್ ಪಟ್ಟಿಯನ್ನು ಎಷ್ಟು ಕತ್ತರಿಸಿದರೂ ಆ ಅರ್ಧ ನಿಮಿಷ ಕರಗದು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ವಿಂಡೋಸ್ 8ರಿಂದ ಈಚೆಗೆ ‘ಶಟ್ ಡೌನ್’ ಒತ್ತಿದರೆ ಯಂತ್ರ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ವಿಂಡೋಸ್‌ನ ತಿರುಳನ್ನು ಇದ್ದ ಸ್ಥಿತಿಯಲ್ಲೇ ಡಿಸ್ಕ್‌ಗೆ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ಪೂರ್ತಿ ಹೊಸದಾಗಿ ಏಳಬೇಕಾದರೆ ‘ರೀಸ್ಟಾರ್ಟ್’ ಒತ್ತಬೇಕು. ಬೂಟ್ ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುವವರು ಇದನ್ನು ಗಮನಿಸದಿದ್ದರೆ ಎರಡು ಬೇರೆ ಬೇರೆ ವಿಷಯಗಳನ್ನು ಹೋಲಿಸಿದಂತಾಗುತ್ತದೆ.

ಸ್ಕ್ರಿಪ್ಟ್‌ಗಳ ಮೇಲಿನ ಆರೋಪ ನಿಜವಾಗಿಯೂ ಹೊಂದುತ್ತಿದ್ದ ಒಂದು ಕಾಲವಿತ್ತು, ಅದು ಲಿನಕ್ಸ್ ಲೋಕದಲ್ಲಿ. ಹಳೆಯ ಲಿನಕ್ಸ್‌ನಲ್ಲಿ ಬೂಟ್ ಎಂದರೆ ಸ್ಕ್ರಿಪ್ಟ್‌ಗಳ ಮೆರವಣಿಗೆ. ಒಂದು ಮುಗಿದ ಮೇಲೆ ಇನ್ನೊಂದು, ಅದೂ ಕಡತದ ಹೆಸರಿನಲ್ಲಿರುವ ಸಂಖ್ಯೆಯ ಕ್ರಮದಲ್ಲೇ. 2008ರಲ್ಲಿ ಅಮೆರಿಕದಲ್ಲಿ ನಡೆದ ಲಿನಕ್ಸ್ ಪ್ಲಂಬರ್ಸ್ ಸಮ್ಮೇಳನದಲ್ಲಿ ಇಂಟೆಲ್‌ನ ಅರ್ಜನ್ ವಾನ್ ಡೆ ವೆನ್ ಮತ್ತು ಔಕೆ ಕೋಕ್ ಎಂಬ ಇಬ್ಬರು ಎಂಜಿನಿಯರುಗಳು ಅಸೂಸ್‌ನ ‘ಈ ಪಿಸಿ’ (Eee PC) ಎಂಬ ಪುಟ್ಟ ಲ್ಯಾಪ್‌ಟಾಪನ್ನು ಐದೇ ಸೆಕೆಂಡಿನಲ್ಲಿ ಬೂಟ್ ಮಾಡಿ ತೋರಿಸಿದರು. ಅವರು ಅನುಸರಿಸಿದ ದಾರಿ ನನಗೆ ಬಹಳ ಇಷ್ಟ. ‘ಸ್ವಲ್ಪ ಬೇಗ ಮಾಡೋಣ’ ಎನ್ನದೆ, ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಇಷ್ಟು ಸೆಕೆಂಡು, ಪರದೆಗೆ ಇಷ್ಟು, ಡೆಸ್ಕ್‌ಟಾಪ್‌ಗೆ ಇಷ್ಟು ಎಂದು ಮೊದಲೇ ಹಂಚಿಟ್ಟು, ಅದರೊಳಗೆ ಹಿಡಿಯದ್ದನ್ನು ಪ್ರಶ್ನಿಸುತ್ತ ಹೋದರು.

2010ರ ಏಪ್ರಿಲ್‌ನಲ್ಲಿ ಲೆನಾರ್ಟ್ ಪೋಟರಿಂಗ್ ಎಂಬ ಪ್ರೋಗ್ರಾಮರ್, ಲಿನಕ್ಸನ್ನು ಎಬ್ಬಿಸುವ ಸಿಸ್ಟಮ್‌ಡಿ ಎಂಬ ಹೊಸ ವ್ಯವಸ್ಥೆಯನ್ನು ಲೋಕಕ್ಕೆ ತಿಳಿಸಿದಾಗ ಒಂದು ಸರಳ ಪರೀಕ್ಷೆ ಹೇಳಿದ್ದರು. ಯಂತ್ರ ಎದ್ದ ಮೇಲೆ ತೆರೆದ ಮೊದಲ ಟರ್ಮಿನಲ್‌ನ ಪ್ರಕ್ರಿಯೆ ಸಂಖ್ಯೆ (ಶುರುವಾದ ಪ್ರೋಗ್ರಾಮ್‌ಗಳಿಗೆ ಕ್ರಮವಾಗಿ ಸಿಗುವ ಸಂಖ್ಯೆ) ಎಷ್ಟು ನೋಡಿ: ಮ್ಯಾಕ್‌ನಲ್ಲಿ 154, ಲಿನಕ್ಸ್‌ನಲ್ಲಿ 1823. ಸ್ಕ್ರಿಪ್ಟ್‌ನ ಒಂದೊಂದು ಸಣ್ಣ ಕೆಲಸಕ್ಕೂ ಹೊಸ ಪ್ರೋಗ್ರಾಮ್ ಹುಟ್ಟಿ ಸಾಯುತ್ತಿದ್ದುದರಿಂದ ಸಂಖ್ಯೆ ಅಲ್ಲಿಗೆ ಮುಟ್ಟುತ್ತಿತ್ತು. ಕಡಿಮೆ ಶುರುಮಾಡು, ಶುರುಮಾಡುವುದನ್ನು ಒಟ್ಟೊಟ್ಟಿಗೆ ಮಾಡು ಎನ್ನುವುದು ಅವರ ವಾದ. ಮರುವರ್ಷ ಫೆಡೋರಾ ಎಂಬ ಲಿನಕ್ಸ್‌ನ 15ನೇ ಆವೃತ್ತಿಯಲ್ಲಿ ಸಿಸ್ಟಮ್‌ಡಿ ಬಂತು, ಮುಂದೆ ಡೆಬಿಯನ್, ಉಬುಂಟು ಎಂಬ ಬೇರೆ ಲಿನಕ್ಸ್‌ಗಳಿಗೂ ಬಂತು.

ಹಾಗಾದರೆ ಕಾಯುವ ರೋಗ ವಾಸಿಯಾಯಿತೇ? ಇಲ್ಲ. ನಾನು ನೋಡಿಕೊಳ್ಳುವ ಒಂದು ಕಡೆ ಲಿನಕ್ಸ್ ಸರ್ವರ್‌ಗೆ ಬ್ಯಾಕಪ್‌ಗೆಂದು ಹೊರಗಿನಿಂದ ಡಿಸ್ಕ್ ಜೋಡಿಸಿದ್ದರು. ಬೂಟ್ ಆಗುವಾಗ ಆ ಡಿಸ್ಕ್ ಇರಲೇಬೇಕೆಂದು ಸಂರಚನಾ ಕಡತದಲ್ಲಿ ಬರೆದಿತ್ತು. ಯಾರೋ ಡಿಸ್ಕ್ ಕಿತ್ತು ಬೀರುವಿನಲ್ಲಿಟ್ಟರು. ಮುಂದಿನ ಸಲ ಸರ್ವರ್ ಎದ್ದಾಗ ಪರದೆಯ ಮೇಲೆ ಕೆಂಪು ನಕ್ಷತ್ರಗಳು ಅತ್ತಿತ್ತ ಸರಿದಾಡುತ್ತ ಒಂದೂವರೆ ನಿಮಿಷ ಎಣಿಕೆ ನಡೆಯಿತು. ಆಮೇಲೆ ಎಮರ್ಜೆನ್ಸಿ ಮೋಡ್ ಎಂದು ತೋರಿಸಿ ನಿಂತೇಹೋಯಿತು. 90 ಸೆಕೆಂಡು ಕಾಯುವುದು ಸಿಸ್ಟಮ್‌ಡಿಯ ರೂಢಿ. ಡಿಸ್ಕ್ ಇದ್ದರೆ ಸರಿ, ಇಲ್ಲದಿದ್ದರೂ ಮುಂದೆ ಹೋಗು ಎನ್ನಲು ‘ನೋಫೇಲ್’ ಎಂಬ ಒಂದೇ ಪದ ಆ ಸಾಲಿಗೆ ಸೇರಿಸಬೇಕಿತ್ತು, ಸೇರಿಸಿದ ಮೇಲೆ ಸರ್ವರ್ ಸಲೀಸಾಗಿ ಎದ್ದಿತು. ‘ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್’ ಎಂದು ಟೈಪ್ ಮಾಡಿದರೆ ಯಾವ ಸೇವೆಗೆ ಎಷ್ಟು ಹೊತ್ತಾಯಿತೆಂಬ ಪಟ್ಟಿ ಬರುತ್ತದೆ. ಆದರೆ ಆ ಪಟ್ಟಿಯ ತುದಿಯಲ್ಲಿ ಇರುವವನೇ ಅಪರಾಧಿ ಎಂದು ನಂಬಬಾರದು, ಅವನು ಇನ್ನೊಬ್ಬನಿಗಾಗಿ ಕಾದು ತಡವಾಗಿರಬಹುದು. ‘ಕ್ರಿಟಿಕಲ್-ಚೈನ್’ ಎಂಬ ಇನ್ನೊಂದು ಆಜ್ಞೆ ಯಾರಿಂದ ಯಾರು ತಡವಾದರೆಂಬ ಸರಪಳಿಯನ್ನು ತೋರಿಸುತ್ತದೆ. ಎರಡನ್ನೂ ನೋಡಿಯೇ ತೀರ್ಮಾನಕ್ಕೆ ಬರಬೇಕು.

ಇನ್ನು ಅಪಾಯದ ಅರ್ಧಕ್ಕೆ ಬರುತ್ತೇನೆ. ಸ್ಟಾರ್ಟಪ್ ಪಟ್ಟಿ ಬರೀ ವೇಗದ ವಿಷಯವಲ್ಲ. ಯಂತ್ರ ಎದ್ದಾಗಲೆಲ್ಲ ತಾನೂ ಏಳಬೇಕೆನ್ನುವ ಕಳ್ಳ ಪ್ರೋಗ್ರಾಮ್‌ಗಳು ಅಡಗಿಕೊಳ್ಳುವ ಜಾಗವೂ ಅದೇ. ಕೊಲ್ಲಿಯಲ್ಲಿ ಕೆಲಸ ಮಾಡುವ ನನ್ನಂಥವರಿಗೆ 2012ರ ಆಗಸ್ಟ್ ಮರೆಯುವಂಥದ್ದಲ್ಲ. ಆ ತಿಂಗಳ 15ರಂದು ತೈಲ ಕಂಪನಿ ಸೌದಿ ಅರಾಮ್ಕೋದ ಸುಮಾರು 30,000 ಕಂಪ್ಯೂಟರ್‌ಗಳನ್ನು ಶಮೂನ್ ಎಂಬ ವೈರಸ್ ಹಾಳುಗೆಡವಿತು. ವಿಂಡೋಸ್ ಜೊತೆ ತಾನಾಗಿ ಶುರುವಾಗುವ ಸೇವೆಯ ವೇಷದಲ್ಲಿ ಕೂತು, ಕೊನೆಗೆ ಡಿಸ್ಕ್‌ನ ಬೂಟ್ ದಾಖಲೆಯನ್ನೇ ಅಳಿಸಿ, ಯಂತ್ರ ಮತ್ತೆ ಏಳದಂತೆ ಮಾಡುವುದು ಅದರ ರೀತಿ. ಎರಡು ವಾರದೊಳಗೆ ಇಲ್ಲಿ, ಕತಾರ್‌ನ ನೈಸರ್ಗಿಕ ಅನಿಲ ಕಂಪನಿ ರಾಸ್‌ಗ್ಯಾಸ್‌ನ ಕಚೇರಿ ಕಂಪ್ಯೂಟರ್‌ಗಳಿಗೂ ವೈರಸ್ ದಾಳಿಯಾಗಿ ವೆಬ್‌ಸೈಟ್, ಇಮೇಲ್ ನಿಂತವು. ಅನಿಲ ಉತ್ಪಾದನೆಗೆ, ಹಡಗುಗಳ ಸಾಗಣೆಗೆ ಧಕ್ಕೆಯಾಗಲಿಲ್ಲ.

ಹಾಗಾಗಿ ‘ಎಲ್ಲ ತೆಗೆಯಿರಿ’ ಎಂದವರಿಗೆ ನಾನು ಮೊದಲು ಕೇಳುವುದು, ಆ ಪಟ್ಟಿಯಲ್ಲಿ ಆ್ಯಂಟಿವೈರಸ್ ಎಲ್ಲಿದೆ, ಬ್ಯಾಕಪ್ ಎಲ್ಲಿದೆ ಎಂದು. ಇವೆರಡೂ ಭಾರದ ಪ್ರೋಗ್ರಾಮ್‌ಗಳು, ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಹೈ’ ಎಂದೇ ಕಂಡರೂ ಆಶ್ಚರ್ಯವಿಲ್ಲ. ಬೂಟ್ ನಾಲ್ಕು ಸೆಕೆಂಡು ತಡವಾದರೂ ಸರಿ, ಅವನ್ನು ಮುಟ್ಟಲು ನಾನು ಬಿಡುವುದಿಲ್ಲ. ರಕ್ಷಣೆಯ ತಂತ್ರಾಂಶವೇ ಬೂಟ್ ಕೆಡಿಸಿದ್ದೂ ಉಂಟು ಎನ್ನುವುದು ಗೊತ್ತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ದೋಷಪೂರಿತ ಅಪ್‌ಡೇಟ್‌ನಿಂದ ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟುನಿಂತವು, ಬಹಳಷ್ಟು ಯಂತ್ರಗಳು ಎದ್ದು ಬೀಳುತ್ತ, ಎದ್ದು ಬೀಳುತ್ತ ಇದ್ದವು. ಆದರೂ ನನ್ನ ಮಾತು ಅದೇ. ಪಟ್ಟಿಯಲ್ಲಿ ಗುರುತು ಸಿಗದ ಹೆಸರು ಕಂಡರೆ ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಸಂಗ್ರಹದ ಆಟೋರನ್ಸ್ ಎಂಬ ಉಚಿತ ಪ್ರೋಗ್ರಾಮ್‌ನಲ್ಲಿ ತೆರೆದು, ಅದು ಯಾವ ಕಂಪನಿಯದ್ದು, ಡಿಜಿಟಲ್ ಸಹಿ ಇದೆಯೇ ಎಂದು ನೋಡಿ. ಅದರಲ್ಲಿ ಟಿಕ್ ತೆಗೆದರೆ ಆ ಪ್ರೋಗ್ರಾಮ್ ಏಳುವುದು ನಿಲ್ಲುತ್ತದೆ, ಅಳಿಸಿಹೋಗುವುದಿಲ್ಲ. ಬೇಕೆಂದಾಗ ಮತ್ತೆ ಟಿಕ್ ಹಾಕಬಹುದು.

ರಜೆಯ ಕಾಲದಲ್ಲಿ ಬರುವ ಇನ್ನೊಂದು ದೂರು ನಮ್ಮ ಗಲ್ಫ್ ಕನ್ನಡಿಗರದ್ದೇ. ಜುಲೈ-ಆಗಸ್ಟ್‌ನಲ್ಲಿ ಸಂಸಾರ ಸಮೇತ ಊರಿಗೆ ಹೋಗುವವರು ಆಫೀಸಿನ ಲ್ಯಾಪ್‌ಟಾಪನ್ನೂ ಒಯ್ಯುತ್ತಾರೆ. ಶಿರಸಿಯ ಹತ್ತಿರದ ಹಳ್ಳಿಯಿಂದ ಎಂಜಿನಿಯರರೊಬ್ಬರು ಫೋನ್ ಮಾಡಿ, “ತಮ್ಮಾ, ದೋಹಾದಲ್ಲಿ ಚೆನ್ನಾಗೇ ಇತ್ತು, ಇಲ್ಲಿ ಬಂದ ಮೇಲೆ ಏಳೋದೇ ಇಲ್ಲ, ಮಳೆಗೆ ಥಂಡಿ ಹಿಡಿದಿದೆಯಾ ನೋಡು” ಎಂದರು. ಥಂಡಿಯಲ್ಲ. ಲಾಗಿನ್ ಆದೊಡನೆ ಅದು ದೋಹಾದ ಆಫೀಸಿನೊಳಗಿನ ಸರ್ವರನ್ನು ಹುಡುಕುತ್ತಿತ್ತು. ವಿಪಿಎನ್ (ಹೊರಗಿನಿಂದ ಆಫೀಸಿನ ನೆಟ್‌ವರ್ಕಿಗೆ ಇರುವ ಸುರಕ್ಷಿತ ದಾರಿ) ಜೋಡಿಸದೆ ಆ ಸರ್ವರ್ ಅಲ್ಲಿಂದ ಕಾಣುವಂತಿಲ್ಲ, ವಿಪಿಎನ್ ಜೋಡಿಸಲು ಡೆಸ್ಕ್‌ಟಾಪ್ ಬರಬೇಕು, ಆ ಕಂಪನಿಯಲ್ಲೂ ಕಾಯುವ ನಿಯಮ ಹಾಕಿದ್ದರಿಂದ ಡೆಸ್ಕ್‌ಟಾಪ್ ಬರಲು ಸ್ಕ್ರಿಪ್ಟ್ ಮುಗಿಯಬೇಕು. ಸ್ಕ್ರಿಪ್ಟ್ ಹೀಗೆ ಸಿಕ್ಕಿಕೊಂಡರೆ ವಿಂಡೋಸ್ 600 ಸೆಕೆಂಡಿನವರೆಗೂ, ಎಂದರೆ ಹತ್ತು ನಿಮಿಷ, ಅದಕ್ಕೆ ಅವಕಾಶ ಕೊಡುತ್ತದೆ.

ಪರಿಹಾರ ಚಿಕ್ಕದು. ಸ್ಕ್ರಿಪ್ಟ್‌ನ ತಲೆಗೆ ಒಂದು ಪ್ರಶ್ನೆ ಸೇರಿಸುವುದು: ಸರ್ವರ್ ಕಾಣುತ್ತಿದೆಯೇ? ಒಂದೇ ಸಲ ಕೂಗಿ, ಒಂದು ಸೆಕೆಂಡಿನಲ್ಲಿ ಓಗೊಡದಿದ್ದರೆ ಉಳಿದ ಸಾಲುಗಳನ್ನೆಲ್ಲ ಬಿಟ್ಟು ಹೊರಗೆ ಬಾ. ಡೆಸ್ಕ್‌ಟಾಪ್‌ನಲ್ಲಿ ‘ಆಫೀಸ್ ಡ್ರೈವ್ ಜೋಡಿಸಿ’ ಎಂಬ ಒಂದು ಐಕಾನ್ ಇಟ್ಟು, ವಿಪಿಎನ್ ಹಾಕಿದ ಮೇಲೆ ಅದನ್ನು ಒತ್ತಲು ಹೇಳಿದೆ. ಮುಂದಿನ ರಜೆಗೆ ಮೊದಲೇ ಆ ಕಂಪನಿಯ ಎಲ್ಲ ಲ್ಯಾಪ್‌ಟಾಪ್‌ಗಳಿಗೂ ಆ ಪ್ರಶ್ನೆಯನ್ನು ಬರೆದುಕೊಟ್ಟಾಗಿದೆ.